ಲಾರಿಯ ಚಳಿಗಾಲ ಬೆಂಗಳೂರಿನ ಯಾರ್ಡಿನಲ್ಲೇ ಶುರುವಾಗಲಿ

ಮಾನ್ಯ ಸಂಪಾದಕರೇ,

ಬಸವನಗುಡಿಯ ಕಡಲೆಕಾಯಿ ಪರಿಷೆ ಮುಗಿಯುತ್ತಿದ್ದಂತೆ ಪತ್ರಿಕೆಗಳಲ್ಲಿ ನಂದಿಬೆಟ್ಟದ ಮಂಜಿನ ಚಿತ್ರಗಳು ಬರತೊಡಗುತ್ತವೆ. ಚಿತ್ರ ಚೆಂದವೇ. ಆದರೆ ಅದೇ ಮಂಜು ಬೆಟ್ಟದ ಬುಡದಲ್ಲಿ, ದೇವನಹಳ್ಳಿ ದಾಟಿ ಚಿಕ್ಕಬಳ್ಳಾಪುರದ ಕಡೆ ಹೋಗುವ ಹೆದ್ದಾರಿಯ ಮೇಲೂ ಕವಿದಿರುತ್ತದೆ. ಬೆಳಗಿನ ಜಾವ ನಾಲ್ಕರಿಂದ ಎಂಟರವರೆಗೆ, ಚಿತ್ರ ತೆಗೆಯಲು ಹೊರಟ ಕಾರು, ಬೈಕುಗಳ ಪಕ್ಕದಲ್ಲೇ ಲೋಡು ಹೊತ್ತ ಲಾರಿಗಳೂ ಓಡುತ್ತಿರುತ್ತವೆ. ಹತ್ತು ಚಕ್ರದ ಒಂದು ಲಾರಿ ಲೋಡಾದಾಗ 28 ಟನ್ ತೂಗುತ್ತದೆ. ಅದನ್ನು ಮಂಜಿನಲ್ಲಿ ಓಡಿಸುವುದು, ಇಲ್ಲಿಂದ ಉತ್ತರದ ಚಳಿಗೆ ಕಳಿಸುವುದು ಹೇಗೆ ಎಂಬ ಬಗ್ಗೆ ನಮ್ಮೂರಿನಲ್ಲಿ ಮಾತೇ ಕಡಿಮೆ.

ಅದಕ್ಕೆ ಕಾರಣವೂ ಉಂಟು. ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿ 13ರಂದು. ಹಾಗಾಗಿ ಇಲ್ಲಿ ಚಳಿಗಾಲದ ತಯಾರಿ ಎಂದರೆ ಡ್ರೈವರ್ ತಲೆಗೊಂದು ಮಂಕಿ ಕ್ಯಾಪ್, ಅಷ್ಟೇ. ರೇಡಿಯೇಟರಿಗೆ ಬೋರ್‌ವೆಲ್ ನೀರು, ಟ್ಯಾಂಕಿಗೆ ಇಲ್ಲಿನ ಡೀಸೆಲ್, ಟೈರಿಗೆ ಮಧ್ಯಾಹ್ನದ ಬಿಸಿಲಲ್ಲಿ ಹಿಡಿಸಿದ ಗಾಳಿ. ಯಶವಂತಪುರ, ಪೀಣ್ಯ, ಬೊಮ್ಮಸಂದ್ರದಿಂದ ಹೊರಟ ಲಾರಿ ಬೆಂಗಳೂರಿನ ಹವೆಯನ್ನೇ ಹೊಟ್ಟೆಯಲ್ಲಿಟ್ಟುಕೊಂಡು 44ನೇ ಹೆದ್ದಾರಿ ಹಿಡಿಯುತ್ತದೆ. ನಾಗಪುರ, ಝಾನ್ಸಿ, ಆಗ್ರಾ ದಾಟಿ ದೆಹಲಿಗೆ ಹೋಗುತ್ತದೆ. ಕೆಲವು ಲಾರಿಗಳು ಜಮ್ಮು, ಶ್ರೀನಗರದವರೆಗೂ. ಗಾಡಿ ಕೆಡುವುದು ಅಲ್ಲಿ. ಕೆಡುಕಿನ ಬೀಜ ಬಿದ್ದಿರುವುದು ಇಲ್ಲಿನ ಯಾರ್ಡಿನಲ್ಲಿ.

ಮೊದಲು ನಮ್ಮ ಮನೆ ಬಾಗಿಲಿನ ಮಂಜು. ಮೋಡವಿಲ್ಲದ, ಗಾಳಿಯಾಡದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ಅದರ ಮೇಲಿನ ತೇವದ ಗಾಳಿ ಮಂಜಾಗುತ್ತದೆ. ಕೆರೆ, ಬಯಲು, ತಗ್ಗು ಇರುವಲ್ಲಿ ದಟ್ಟ, ಏರಿನ ಮೇಲೆ ತೆಳು. ಅಪಾಯ ಇರುವುದು ಈ ತೇಪೆ ತೇಪೆ ಮಂಜಿನಲ್ಲೇ. ಒಂದು ಕಿಲೋಮೀಟರ್ ರಸ್ತೆ ಕನ್ನಡಿಯಂತೆ ಕಾಣುತ್ತದೆ, ಡ್ರೈವರ್ ಅರವತ್ತಕ್ಕೆ ಏರಿಸುತ್ತಾನೆ, ಮುಂದಿನ ಕೆರೆ ಏರಿಯ ಹತ್ತಿರ ಬಿಳಿ ಗೋಡೆಯೊಳಗೆ ನುಗ್ಗುತ್ತಾನೆ.

ಆಗ ಏನಾಗುತ್ತದೆ ಎಂಬುದು ಕೈಬೆರಳಿನ ಲೆಕ್ಕ. ಅಡ್ಡಿ ಕಣ್ಣಿಗೆ ಬಿದ್ದು ಕಾಲು ಬ್ರೇಕ್ ತುಳಿಯಲು ಒಂದೂವರೆ ಸೆಕೆಂಡು ಬೇಕು. ಕಾರಿನಲ್ಲಿ ಬ್ರೇಕ್ ಎಣ್ಣೆ ಮಾಡುವ ಕೆಲಸವನ್ನು ಲಾರಿಯಲ್ಲಿ ಗಾಳಿ ಮಾಡುವುದರಿಂದ, ಅದು ಪೈಪಿನಲ್ಲಿ ಹರಿದು ಹಿಂದಿನ ಚಕ್ರದ ಬ್ರೇಕ್ ಚೇಂಬರ್ ತುಂಬಲು ಇನ್ನೂ ಅರ್ಧ ಸೆಕೆಂಡು. ಗಂಟೆಗೆ 60 ಕಿ.ಮೀ. ವೇಗದಲ್ಲಿ ಈ ಎರಡು ಸೆಕೆಂಡಿನಲ್ಲೇ ಲಾರಿ 33 ಮೀಟರ್ ಹೋಗಿರುತ್ತದೆ, ಬ್ರೇಕ್ ಇನ್ನೂ ಹಿಡಿದೇ ಇರುವುದಿಲ್ಲ. ಮಂಜಿನಿಂದ ಒದ್ದೆಯಾದ ರಸ್ತೆಯಲ್ಲಿ ನಿಲ್ಲಲು ಮತ್ತೆ 45 ಮೀಟರ್ ಹಿಡಿಯಿರಿ. ಒಟ್ಟು ಎಂಬತ್ತು ಮೀಟರ್ ಹತ್ತಿರ. ನಲವತ್ತರ ವೇಗದಲ್ಲಿ ಇದು ಸುಮಾರು 42, ಮೂವತ್ತರಲ್ಲಿ 28, ಇಪ್ಪತ್ತರಲ್ಲಿ 16 ಮೀಟರ್. ಬೋಳು ಟೈರಾದರೆ, ಬ್ರೇಕ್ ಸೆಟ್ಟಿಂಗ್ ಸಡಿಲವಾಗಿದ್ದರೆ ಇನ್ನೂ ಹೆಚ್ಚು.

ಹವಾಮಾನ ಇಲಾಖೆಯ ಭಾಷೆಯಲ್ಲಿ 200 ಮೀಟರಿಗಿಂತ ಕಡಿಮೆ ಕಂಡರೆ ದಟ್ಟ ಮಂಜು, 50 ಮೀಟರಿಗಿಂತ ಕಡಿಮೆಯಾದರೆ ಅತಿ ದಟ್ಟ. ಕ್ಯಾಬಿನ್ನಿನಲ್ಲಿ ಕೂತವನ ಬಳಿ ಟೇಪು ಇರುವುದಿಲ್ಲ, ಅವನು ಲಾರಿಯನ್ನೇ ಅಳತೆಗೋಲು ಮಾಡಿಕೊಳ್ಳಬಹುದು. ಟ್ರೈಲರ್ ಅಲ್ಲದ ಉದ್ದನೆಯ ಲಾರಿ ಹೆಚ್ಚೆಂದರೆ 12 ಮೀಟರ್. ನಾಲ್ಕು ಲಾರಿ ಉದ್ದದಷ್ಟು ದೂರ ಕಾಣುತ್ತಿದ್ದರೆ ಮೂವತ್ತರಲ್ಲಿ ಹೋಗಬಹುದು. ಎರಡೇ ಲಾರಿಯಷ್ಟು ಕಂಡರೆ ಇಪ್ಪತ್ತು. ಅದಕ್ಕಿಂತ ಕಡಿಮೆಯಾದರೆ ಓಡಿಸುವ ಮಾತೇ ಬೇಡ, ಪೆಟ್ರೋಲ್ ಬಂಕಿಗೋ ಢಾಬಾಕ್ಕೋ ತಿರುಗಿಸಿ ಚಹಾ ಕುಡಿಯುವುದು ಮೇಲು. ಮುಂದಿನ ಗಾಡಿಯ ಕೆಂಪು ದೀಪ ಹಿಡಿದು ಬೆನ್ನಿಗೆ ಅಂಟಿಕೊಂಡು ಹೋಗುವ ಅಭ್ಯಾಸ ಬಹಳ ಜನರಿಗಿದೆ. ಮುಂದಿನವನು ಹಳ್ಳಕ್ಕೆ ಇಳಿದರೆ ಹಿಂದಿನವನೂ ಇಳಿಯುತ್ತಾನೆ. ಎಡಗಡೆಯ ಬಿಳಿ ಪಟ್ಟಿಯನ್ನು ಹಿಡಿದು ಹೋಗಬೇಕು, ದೀಪವನ್ನಲ್ಲ.

ದೀಪದ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಮಂಜಿನಲ್ಲಿ ಹೈ ಬೀಮ್ ಹಾಕಿದರೆ ಬೆಳಕು ನೀರಿನ ಕಣಗಳಿಗೆ ಬಡಿದು ವಾಪಸ್ ಕಣ್ಣಿಗೇ ಬರುತ್ತದೆ. ಡಿಮ್ ಸಾಕು. ಫಾಗ್ ಲ್ಯಾಂಪ್ ಇದ್ದರೆ ಅದು ಬಂಪರಿನ ಕೆಳಭಾಗದಲ್ಲಿರಬೇಕು. ಅಂಗಡಿಯವರು 'ಹಳದಿ ಬಲ್ಬು ಮಂಜನ್ನು ಸೀಳುತ್ತದೆ' ಎಂದು ಮಾರುತ್ತಾರೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು, ಅದು ಹಳದಿಯನ್ನೂ ಬಿಳಿಯನ್ನೂ ಒಂದೇ ಸಮ ಚದುರಿಸುತ್ತದೆ. ಕೆಲಸ ಮಾಡುವುದು ಬಲ್ಬಿನ ಬಣ್ಣವಲ್ಲ, ದೀಪದ ಎತ್ತರ ಮತ್ತು ಕೋನ. ಕ್ಯಾಬಿನ್ ನೆತ್ತಿಯ ಮೇಲೆ ಸಾಲಾಗಿ ಕಟ್ಟಿಸುವ ಎಲ್‌ಇಡಿಗಳಂತೂ ಮಂಜಿನಲ್ಲಿ ಶುದ್ಧ ಕುರುಡು, ಎದುರಿನವನಿಗೂ, ತನಗೂ. ನಾಲ್ಕೂ ಇಂಡಿಕೇಟರ್ ಮಿಣುಕಿಸುತ್ತಾ ಓಡಿಸುವುದು ಇನ್ನೊಂದು ತಪ್ಪು. ಅವನು ಲೇನ್ ಬದಲಿಸುತ್ತಾನೋ, ನಿಂತೇ ಬಿಟ್ಟಿದ್ದಾನೋ ಹಿಂದಿನವನಿಗೆ ತಿಳಿಯುವುದಿಲ್ಲ. ಅದು ನಿಂತ ಗಾಡಿಯ ದೀಪ.

ಗಾಜಿನ ಒಳಮೈ ಮಬ್ಬಾಗುವುದು ಹೊರಗಿನ ಮಂಜಿನಷ್ಟೇ ಕಾಟ. ಹಳೆಯ ಗಾಡಿಗಳಲ್ಲಿ ಡ್ರೈವರುಗಳು ಆಲೂಗಡ್ಡೆ ಹೋಳು, ತಂಬಾಕು ಉಜ್ಜುತ್ತಾರೆ. ಅದು ಸ್ವಲ್ಪ ಹೊತ್ತು ತಡೆಯುತ್ತದೆ, ಆಮೇಲೆ ಎದುರಿನ ದೀಪ ಬಿದ್ದಾಗ ಗಾಜೆಲ್ಲ ಗೆರೆಗೆರೆ. ಒಳಗಿನ ತೇವವನ್ನು ಹೊರಗೆ ಹಾಕುವುದೇ ಮದ್ದು: ಎರಡೂ ಕಿಟಕಿ ಎರಡೆರಡು ಬೆರಳು ತೆರೆದು, ಬ್ಲೋವರ್ ಇದ್ದರೆ ಬಿಸಿಗಾಳಿಯನ್ನು ಗಾಜಿಗೆ ಬಿಟ್ಟು, ಒದ್ದೆ ಶಾಲು, ಒದ್ದೆ ಮ್ಯಾಟನ್ನು ಕ್ಯಾಬಿನ್ನಿನಲ್ಲಿ ಇಡದೆ ಇರುವುದು. 2025ರ ಅಕ್ಟೋಬರ್ 1ರಿಂದ ತಯಾರಾಗುವ ದೊಡ್ಡ ಲಾರಿಗಳ ಕ್ಯಾಬಿನ್ನಿಗೆ ಎಸಿ ಕಡ್ಡಾಯವಾಗಿದೆ. ಅದನ್ನು ಬೇಸಿಗೆಯ ಸುಖ ಎಂದಷ್ಟೇ ತಿಳಿದು ಚಳಿಗಾಲದಲ್ಲಿ ಆರಿಸಿಡುತ್ತಾರೆ. ಎಸಿ ಗಾಳಿಯ ತೇವ ಹೀರುತ್ತದೆ. ಬಿಸಿಗಾಳಿಯ ಜೊತೆ ಅದನ್ನೂ ಹಾಕಿದರೆ ಗಾಜು ಒಂದೆರಡು ನಿಮಿಷದಲ್ಲಿ ತಿಳಿಯಾಗುತ್ತದೆ.

ಓಡುವ ಲಾರಿಗಿಂತ ನಿಂತ ಲಾರಿ ಮಂಜಿನಲ್ಲಿ ಹೆಚ್ಚು ಅಪಾಯಕಾರಿ. ಬೆಂಗಳೂರಿನೊಳಗೆ ಭಾರಿ ವಾಹನಗಳ ಪ್ರವೇಶಕ್ಕೆ ಹೊತ್ತಿನ ಕಟ್ಟುಪಾಡಿದೆ. ಹೊತ್ತು ತಪ್ಪಿದ ಲಾರಿಗಳು ತುಮಕೂರು ರಸ್ತೆ, ಹೊಸೂರು ರಸ್ತೆ, ಬಳ್ಳಾರಿ ರಸ್ತೆಯ ಅಂಚಿನಲ್ಲಿ ಸಾಲುಗಟ್ಟಿ ನಿಲ್ಲುತ್ತವೆ. ಎಂಜಿನ್ ಆಫ್, ದೀಪ ಆಫ್, ಡ್ರೈವರ್ ಒಳಗೆ ನಿದ್ದೆ, ಹಿಂದಿನ ಚಕ್ರ ಅರ್ಧ ಟಾರಿನ ಮೇಲೆ. ಇದು ಮಂಜು ದಟ್ಟವಾಗಿರುವ ಹೊತ್ತೇ. ಹಿಂದಿನಿಂದ ಬರುವ ಕಾರಿನವನಿಗೆ ಬೂದು ಮಂಜಿನಲ್ಲಿ ಬೂದು ಟಾರ್ಪಾಲು ಕಾಣುವುದಾದರೂ ಹೇಗೆ?

ಇದಕ್ಕೆ ಬೇಕಾದ ಸಾಮಾನು ದುಬಾರಿಯದಲ್ಲ. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ಪ್ರತಿಫಲನ ಪಟ್ಟಿ ಅಂಟಿಸಬೇಕೆಂಬುದು ನಿಯಮ. ನಮ್ಮವರು ಅದನ್ನು 'ರೇಡಿಯಂ' ಅನ್ನುತ್ತಾರೆ, ಎಫ್‌ಸಿ (ಗಾಡಿಯ ಯೋಗ್ಯತಾ ಪತ್ರ) ಪರೀಕ್ಷೆಯ ಹಿಂದಿನ ದಿನ ಅಂಟಿಸುತ್ತಾರೆ. ಅಗ್ಗದ ಪಟ್ಟಿ ನಾಲ್ಕೈದು ತಿಂಗಳಲ್ಲಿ ಮಾಸಿ ಬರೀ ಬಣ್ಣದ ಪೇಪರಾಗುತ್ತದೆ. ಪರೀಕ್ಷೆ ಸುಲಭ: ಕತ್ತಲಾದ ಮೇಲೆ ಲಾರಿಯಿಂದ ಮೂವತ್ತು ಹೆಜ್ಜೆ ಹಿಂದೆ ಬಂದು, ಮೊಬೈಲ್ ಟಾರ್ಚನ್ನು ಕಣ್ಣಿನ ಪಕ್ಕಕ್ಕೆ ಹಿಡಿದು ನೋಡಿ. ಪಟ್ಟಿ ಬೆಕ್ಕಿನ ಕಣ್ಣಿನಂತೆ ಹೊಳೆಯಬೇಕು. ಹೊಳೆಯದಿದ್ದರೆ ಮೊದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಬಹಳಷ್ಟು ಸಲ ಮೇಲೆ ಕೂತ ಡೀಸೆಲ್ ಮಸಿ, ಕೆಮ್ಮಣ್ಣೇ ಪಟ್ಟಿಯನ್ನು ಕೊಂದಿರುತ್ತದೆ. ಆಮೇಲೆ ಟಾರ್ಪಾಲಿನ ಹಿಂದಿನ ಸೆರಗು ನೋಡಿ. ಲೋಡು ಮಾಡಿದ ದಿನ ಬಿಗಿಯಾಗಿದ್ದ ಹಗ್ಗ ನೂರು ಕಿಲೋಮೀಟರಿಗೆ ಸಡಿಲಾಗಿ, ಸೆರಗು ಇಳಿದು ಎರಡೂ ಟೇಲ್ ಲ್ಯಾಂಪ್ ಮುಚ್ಚಿರುತ್ತದೆ. ದೀಪ ಒಳಗೆ ಉರಿಯುತ್ತಲೇ ಇರುತ್ತದೆ, ಹೊರಗೆ ಕತ್ತಲೆ.

ಹಿಂಬದಿಯ ಅಡ್ಡಕಂಬಿ, ಅಂದರೆ ಕಾರು ಚಾಸಿಯ ಕೆಳಗೆ ನುಗ್ಗದಂತೆ ತಡೆಯುವ ಗಾರ್ಡು, ನೆಲದಿಂದ 550 ಮಿಲಿಮೀಟರಿಗಿಂತ ಮೇಲಿರಬಾರದು. ರ‍್ಯಾಂಪಿಗೆ ತಾಗುತ್ತದೆಂದು ಅದನ್ನು ಮೇಲಕ್ಕೆ ಬೆಸೆದುಕೊಂಡ ಲಾರಿಗಳು ಕಡಿಮೆಯಿಲ್ಲ. ಕಾರಿನ ಬಾನೆಟ್ ಅದರಡಿ ನುಸುಳಿದರೆ ಡಿಕ್ಕಿ ತಾಗುವುದು ಕಾರಿನವನ ತಲೆಗೆ.

ಗಾಡಿ ಕೆಟ್ಟು ರಸ್ತೆಯಲ್ಲೇ ನಿಂತರೆ ಕಲ್ಲು, ಮರದ ಕೊಂಬೆ ಇಡುವ ಪದ್ಧತಿ ಬಿಡಬೇಕು. ಲಾರಿ ಹೋದ ಮೇಲೂ ಆ ಕಲ್ಲು ಅಲ್ಲೇ ಬಿದ್ದಿರುತ್ತದೆ, ಮುಂದಿನ ಬೈಕಿನವನಿಗೆ ಅದೇ ಯಮ. ಮಡಚುವ ಕೆಂಪು ತ್ರಿಕೋನ ಎರಡು ಇರಲಿ. ಒಂದು 50 ಮೀಟರ್ ಹಿಂದೆ, ಮಂಜಿದ್ದರೆ ಇನ್ನೊಂದು 100 ಮೀಟರಿನ ಹತ್ತಿರ. ಇಡಲು ಹೋಗುವ ಕ್ಲೀನರ್ ಟಾರಿನ ಮೇಲಲ್ಲ, ರಸ್ತೆಯ ಹೊರಗೆ, ಎದುರಿನ ಗಾಡಿ ಕಾಣುವಂತೆ ನಡೆಯಬೇಕು, ಹೊಳೆಯುವ ಜಾಕೆಟ್ ಹಾಕಿಕೊಂಡು.

ಇನ್ನು ಉತ್ತರಕ್ಕೆ ಹೋಗುವ ಲಾರಿಗಳ ವಿಚಾರ. ಇದರಲ್ಲಿ ಎಲ್ಲರೂ ಮರೆಯುವುದು ಬ್ರೇಕಿನ ಗಾಳಿ ತುಂಬಿಡುವ ಏರ್ ಟ್ಯಾಂಕಿನ ನೀರು. ಕಂಪ್ರೆಸರ್ ಹೊರಗಿನ ಗಾಳಿಯನ್ನು ಒತ್ತಿ ಟ್ಯಾಂಕಿಗೆ ತುಂಬುವಾಗ ಗಾಳಿಯ ತೇವ ನೀರಾಗಿ ತಳದಲ್ಲಿ ನಿಲ್ಲುತ್ತದೆ. ಟ್ಯಾಂಕಿನ ಕೆಳಗೆ ಒಂದು ಸಣ್ಣ ರಿಂಗ್ ತೂಗುತ್ತಿರುತ್ತದೆ. ಬೆಳಿಗ್ಗೆ ಗಾಡಿ ಸ್ಟಾರ್ಟ್ ಮಾಡುವ ಮೊದಲು ಅದನ್ನು ಪಕ್ಕಕ್ಕೆ ಎಳೆದರೆ 'ಸುಂಯ್' ಎಂದು ಗಾಳಿ ಬರಬೇಕು. ಬರೀ ಗಾಳಿ ಬಂದರೆ ಕ್ಷೇಮ. ನಾಲ್ಕು ಹನಿ ನೀರು ಬಂದರೆ ಗಾಳಿಯ ತೇವ ಹೀರುವ ಏರ್ ಡ್ರೈಯರ್ ದಣಿದಿದೆ ಎಂದರ್ಥ. ಹಾಲು ಬೆರೆತ ಚಹಾದ ಬಣ್ಣದ ಜಿಡ್ಡು ಬಂದರೆ ಕಂಪ್ರೆಸರಿನ ರಿಂಗ್ ಸವೆದು ಎಂಜಿನ್ ಆಯಿಲ್ ಗಾಳಿಗೆ ಸೇರುತ್ತಿದೆ. ಆ ಎಣ್ಣೆ ಡ್ರೈಯರಿನ ಕಾಳುಗಳ ಮೇಲೆ ಕೂತು ಅವು ತೇವ ಹೀರದಂತೆ ಮಾಡುತ್ತದೆ. ಬೆಂಗಳೂರಿನಲ್ಲಿ ಈ ನೀರು ಹೆಚ್ಚೆಂದರೆ ತುಕ್ಕು ಹಿಡಿಸುತ್ತದೆ. ಕಾಶ್ಮೀರದ ದಾರಿಯ ಬನಿಹಾಲಿನಲ್ಲಿ ಸೊನ್ನೆಗಿಂತ ಕೆಳಗೆ ಅದೇ ನೀರು ವಾಲ್ವಿನೊಳಗೆ ಹೆಪ್ಪುಗಟ್ಟುತ್ತದೆ. ಆಗ ಬ್ರೇಕ್ ಬಿಡುವುದಿಲ್ಲ, ಇಲ್ಲವೇ ಹಿಡಿಯುವುದಿಲ್ಲ. ಡ್ರೈಯರ್ ಕಾರ್ಟ್ರಿಡ್ಜ್ ಹಾಕಿ ವರ್ಷವಾಗಿದ್ದರೆ ಹೊರಡುವ ಮೊದಲೇ ಬದಲಿಸಿ. ಪೈಪಿಗೆ ಸ್ಪಿರಿಟ್ಟೋ ಡೀಸೆಲ್ಲೋ ಹೊಯ್ಯುವ ಹಳ್ಳಿ ಮದ್ದು ಬೇಡ, ರಬ್ಬರ್ ಸೀಲುಗಳು ಊದಿ ಹಾಳಾಗುತ್ತವೆ.

ಡೀಸೆಲ್ಲಿನಲ್ಲಿ ಮೇಣದ ಅಂಶ ಇರುತ್ತದೆ. ತಣ್ಣಗಾದಂತೆ ಅದು ಹರಳುಗಟ್ಟಿ ಫಿಲ್ಟರ್ ಕಟ್ಟುತ್ತದೆ. ನಮ್ಮ ದೇಶದ ಮಾನದಂಡದಲ್ಲಿ ಫಿಲ್ಟರ್ ಕಟ್ಟುವ ಉಷ್ಣಾಂಶದ ಮಿತಿ ಬೇಸಿಗೆ ಡೀಸೆಲ್ಲಿಗೆ 18 ಡಿಗ್ರಿ, ಚಳಿಗಾಲದ್ದಕ್ಕೆ 6 ಡಿಗ್ರಿ. ಈ ಚಳಿಗಾಲದ ಡೀಸೆಲ್ ನವೆಂಬರಿನಿಂದ ಫೆಬ್ರುವರಿವರೆಗೆ ಮಧ್ಯ ಮತ್ತು ಉತ್ತರ ಭಾರತಕ್ಕೆಂದು ಇರುವಂಥದ್ದು. ಬೆಂಗಳೂರಿನಲ್ಲಿ ತುಂಬಿಸಿದ್ದು ಅದೇ ಎಂದು ನಂಬಿ ಹೋಗುವಂತಿಲ್ಲ. ಆದ್ದರಿಂದ ಲೆಕ್ಕ ಹೀಗಿರಲಿ: ನಾಗಪುರಕ್ಕೆ ಸುಮಾರು 1,100 ಕಿ.ಮೀ.; ಲೀಟರಿಗೆ ನಾಲ್ಕು ಕಿ.ಮೀ. ಕೊಡುವ ಲಾರಿಗೆ 275 ಲೀಟರ್. ಇಲ್ಲಿನ ಡೀಸೆಲ್ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಲಿ, ಮುಂದಕ್ಕೆ ಅಲ್ಲಲ್ಲಿನ ಡೀಸೆಲ್ ತುಂಬಿಸಲಿ. ರಾತ್ರಿ ನಿಲ್ಲಿಸುವ ಮುಂಚೆ ಟ್ಯಾಂಕ್ ತುಂಬಿರಬೇಕು. ಖಾಲಿ ಜಾಗದ ಗಾಳಿಯಲ್ಲಿರುವ ತೇವ ರಾತ್ರಿಯ ಚಳಿಗೆ ನೀರಾಗಿ ಡೀಸೆಲ್ಲಿಗೆ ಇಳಿಯುತ್ತದೆ. ಡೀಸೆಲ್ಲಿನಿಂದ ನೀರು ಬೇರ್ಪಡಿಸುವ ವಾಟರ್ ಸೆಪರೇಟರ್ ಬುಡದ ತಿರುಪನ್ನು ದಿನಾ ಸಡಿಲಿಸಿ ನೀರು ಬಿಡಬೇಕು. ಲಡಾಖಿಗೆಂದೇ ಇಂಡಿಯನ್ ಆಯಿಲ್ ಕಂಪನಿ 2019ರಲ್ಲಿ ಮೈನಸ್ 33 ಡಿಗ್ರಿಯಲ್ಲೂ ಹರಿಯುವ ಡೀಸೆಲ್ ತಂದಿದೆ, ಅತ್ತ ಹೋಗುವವರು ಅದನ್ನೇ ಹಾಕಿಸಬೇಕು.

ಗಟ್ಟಿಯಾದ ಡೀಸೆಲ್ ಕರಗಿಸಲು ಟ್ಯಾಂಕಿನಡಿ ಬೆಂಕಿ ಹಚ್ಚುವ ದೃಶ್ಯ ಆ ಕಡೆ ಹೊಸದಲ್ಲ. ಅದು ಎಂಥ ಹುಚ್ಚಾಟ ಎಂದು ಬಿಡಿಸಿ ಹೇಳಬೇಕಿಲ್ಲ. ಸೀಮೆಎಣ್ಣೆ ಬೆರೆಸುವುದು ಹಳೆಯ ಎಂಜಿನ್ನಿಗೆ ನಡೆದೀತು; ಈಗಿನ ಬಿಎಸ್-6 (ಹೊಸ ಹೊಗೆ ಮಿತಿಯ) ಗಾಡಿಯಲ್ಲಿ ಹೈ ಪ್ರೆಷರ್ ಪಂಪು, ಇಂಜೆಕ್ಟರುಗಳಿಗೆ ಡೀಸೆಲ್ಲಿನ ಜಿಡ್ಡೇ ಗ್ರೀಸು. ಅದು ತೆಳುವಾದರೆ ಲೋಹಕ್ಕೆ ಲೋಹ ಉಜ್ಜಿ ಲಕ್ಷಗಟ್ಟಲೆ ಖರ್ಚು. ಹೊಗೆಯ ವಿಷ ತಗ್ಗಿಸಲು ಹಾಕುವ, ಡ್ರೈವರುಗಳು 'ಯೂರಿಯಾ' ಎನ್ನುವ ದ್ರಾವಣ, ನೂರಕ್ಕೆ 32.5 ಪಾಲು ಯೂರಿಯಾ ಇರುವಂಥದ್ದು, ಮೈನಸ್ 11 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ. ಗಾಬರಿ ಬೇಡ. ಎಂಜಿನ್ ಬಿಸಿಯಾದ ಮೇಲೆ ಗಾಡಿಯೇ ಅದನ್ನು ಕರಗಿಸಿಕೊಳ್ಳುತ್ತದೆ. ಆದರೆ ಹೆಪ್ಪುಗಟ್ಟಿದಾಗ ಹಿಗ್ಗುವುದರಿಂದ ಅದರ ಟ್ಯಾಂಕನ್ನು ಕಂಠದವರೆಗೆ ತುಂಬಿಸಬಾರದು, ಬಿಸಿನೀರನ್ನಂತೂ ಹೊಯ್ಯಲೇಬಾರದು.

ರೇಡಿಯೇಟರಿನ ಬೋರ್‌ವೆಲ್ ನೀರು ಮಂಜುಗಡ್ಡೆಯಾದರೆ ನೂರಕ್ಕೆ ಒಂಬತ್ತು ಪಾಲು ಹಿಗ್ಗುತ್ತದೆ. ಸೀಳುವುದು ಎಂಜಿನ್ ಬ್ಲಾಕ್. ಕೂಲೆಂಟ್ ಮತ್ತು ಶುದ್ಧ ನೀರು ಸಮಪಾಲು ಬೆರೆಸಿದರೆ ಮೈನಸ್ 35ರವರೆಗೂ ಭಯವಿಲ್ಲ. ದಾರಿಯಲ್ಲಿ ಕಡಿಮೆಯಾದಾಗ ಬರೀ ನೀರು ಹಾಕುತ್ತಾ ಹೋದರೆ ಆ ಸಮಪಾಲು ಉಳಿಯುವುದಿಲ್ಲ, ಬೆರೆಸಿಟ್ಟ ಐದು ಲೀಟರಿನ ಕ್ಯಾನ್ ಜೊತೆಗಿರಲಿ.

ಟೈರನ್ನು ರಾಡಿನಿಂದ ತಟ್ಟಿ ನೋಡುವುದು ಪಂಕ್ಚರ್ ತಿಳಿಯಲು ಸಾಕು, ಗಾಳಿ ಅಳೆಯಲು ಸಾಲದು. ಬೆಂಗಳೂರಿನ 28 ಡಿಗ್ರಿಯ ಮಧ್ಯಾಹ್ನ 110 ಪಿಎಸ್‌ಐ ಹಿಡಿಸಿದ ಟೈರು ಉತ್ತರದ 5 ಡಿಗ್ರಿಯ ಬೆಳಗಿಗೆ ನೂರರ ಹತ್ತಿರಕ್ಕೆ ಇಳಿದಿರುತ್ತದೆ, ತೂತೇ ಇಲ್ಲದೆ. ಲೋಡಿನ ಕೆಳಗೆ ಅಂಥ ಟೈರಿನ ಪಕ್ಕೆ ಹೆಚ್ಚು ಬಾಗಿ ಬಿಸಿಯಾಗುತ್ತದೆ. ಬೆಳಿಗ್ಗೆ ಹೊರಡುವ ಮುಂಚೆ, ಟೈರು ತಣ್ಣಗಿರುವಾಗ ಗೇಜಿನಲ್ಲಿ ನೋಡಿ ಸರಿಪಡಿಸಬೇಕು. ವಾಪಸ್ ಬರುವಾಗಲೂ ಅಷ್ಟೇ, ಲೆಕ್ಕ ತಿರುಗಾಮುರುಗಾ.

ಹಿಮದ ರಸ್ತೆಗೆ ಚಕ್ರಕ್ಕೆ ಸರಪಳಿ ಬೇಕು, ಅದೂ ತನ್ನ ಟೈರಿನ ಅಳತೆಯದೇ. ಎಂಜಿನ್ ತಿರುಗಿಸುವ ಹಿಂದಿನ ಆಕ್ಸಲಿನ (ಹೌಸಿಂಗಿನ) ಹೊರಗಿನ ಚಕ್ರಗಳಿಗೆ ಅದನ್ನು ಕಟ್ಟಿ, ಒಂದು ಕಿಲೋಮೀಟರ್ ಓಡಿಸಿ, ನಿಲ್ಲಿಸಿ ಮತ್ತೆ ಬಿಗಿ ಮಾಡಬೇಕು. ಮೂವತ್ತು ದಾಟಬಾರದು. ಟಾರು ಕಂಡ ಕೂಡಲೇ ಬಿಚ್ಚಬೇಕು. ಇದನ್ನು ಕಟ್ಟಿ ಬಿಚ್ಚುವ ಅಭ್ಯಾಸ ಬೆಂಗಳೂರಿನ ಯಾರ್ಡಿನಲ್ಲಿ ಹಗಲು ಹೊತ್ತಿನಲ್ಲಿ ಒಮ್ಮೆಯಾದರೂ ಆಗಿರಲಿ. ಬೆರಳು ಮರಗಟ್ಟಿದ ಮೇಲೆ ಕಲಿಯುವ ವಿದ್ಯೆ ಅಲ್ಲ ಅದು. ಘಾಟಿ ಇಳಿಯುವಾಗ ನಮ್ಮ ಶಿರಾಡಿಯಲ್ಲಿ ದೇವರಂತೆ ಕಾಯುವ ಎಕ್ಸಾಸ್ಟ್ ಬ್ರೇಕ್ (ಎಂಜಿನ್ನಿನ ಹೊಗೆ ತಡೆದು ವೇಗ ಇಳಿಸುವುದು), ಮಂಜುಗಡ್ಡೆಯ ಮೇಲೆ ವೈರಿ. ಅದು ಹಿಂದಿನ ಚಕ್ರಗಳನ್ನು ಮಾತ್ರ ತಡೆಯುವುದರಿಂದ ಅವು ಜಾರಿ ಗಾಡಿ ಅಡ್ಡ ತಿರುಗುತ್ತದೆ. ಅಲ್ಲಿ ಸಣ್ಣ ಗೇರು, ಹಗುರ ಕಾಲು, ಮುಂದಿನ ಗಾಡಿಗೆ ಎಂದಿಗಿಂತ ಹತ್ತು ಪಟ್ಟು ಅಂತರ. ಕಾಶ್ಮೀರ ಕಣಿವೆಯಲ್ಲಿ ಡಿಸೆಂಬರ್ 21ರಿಂದ ನಲವತ್ತು ದಿನ 'ಚಿಲ್ಲೈ ಕಲಾನ್' ಎಂಬ ಕಡುಚಳಿ. ಆಗ ಜಮ್ಮುವಿನಿಂದ ಮುಂದೆ ಲಾರಿಗಳನ್ನು ಬಿಡುವುದು ಅಲ್ಲಿನ ಟ್ರಾಫಿಕ್ ಪೊಲೀಸರ ದಿನದ ಸೂಚನೆಯಂತೆ. ಅದನ್ನು ನೋಡದೆ ಹೊರಟರೆ ರಾಂಬನ್ ಬಳಿ ಕಲ್ಲು ಉರುಳುವ ಗುಡ್ಡದಡಿಯಲ್ಲಿ ದಿನಗಟ್ಟಲೆ ಕಾಯಬೇಕಾದೀತು.

ಮುಚ್ಚಿದ ಕ್ಯಾಬಿನ್ನಿನಲ್ಲಿ ಇದ್ದಿಲು ಬಾಣಲೆ, ಸ್ಟೌ ಉರಿಸಿ ಮಲಗುವುದರಿಂದ ಸಾವುಗಳಾಗುತ್ತವೆ. ಅದರಿಂದ ಬರುವ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ತಲೆನೋವು, ಮಂಪರು ಬಂದರೆ ಡ್ರೈವರ್ ಅದನ್ನು ದಣಿವು ಎಂದುಕೊಳ್ಳುತ್ತಾನೆ. ಎರಡು ಒಳ್ಳೆಯ ರಜಾಯಿ ಕೊಡಿಸುವುದು ಮಾಲೀಕರಿಗೆ ಹೊರೆಯಲ್ಲ. ಓಡಿಸುವಾಗ ಮಂಕಿ ಕ್ಯಾಪ್ ಕಿವಿಯ ಮೇಲಿಂದ ಸರಿಯಲಿ, ಹಿಂದಿನ ಹಾರ್ನ್ ಕೇಳಬೇಕು. ಹವಾಯಿ ಚಪ್ಪಲಿ ಬೇಡ, ಒದ್ದೆ ಪೆಡಲಿನ ಮೇಲೆ ಜಾರುತ್ತದೆ.

ಇಷ್ಟೆಲ್ಲ ಗೊತ್ತಿರುವ ಡ್ರೈವರುಗಳು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಗೊತ್ತಿದ್ದೂ ಮಂಜಿನಲ್ಲಿ ಅರವತ್ತರಲ್ಲಿ ಓಡಿಸುವುದೇಕೆ? ದೆಹಲಿಗೆ 2,100 ಕಿ.ಮೀ.ಗೂ ಹೆಚ್ಚಿನ ದಾರಿಗೆ ಮೇ ತಿಂಗಳಲ್ಲಿ ಕೊಟ್ಟ ಗಂಟೆಗಳನ್ನೇ ಜನವರಿಯಲ್ಲೂ ಕೊಡುತ್ತಾರೆ, ತಡವಾದರೆ ಬಾಡಿಗೆಯಲ್ಲಿ ಮುರಿದುಕೊಳ್ಳುತ್ತಾರೆ. ಗ್ವಾಲಿಯರ್‌ನಿಂದ ದೆಹಲಿಯವರೆಗೆ ಜನವರಿಯ ಮಂಜಿನಲ್ಲಿ ರಾತ್ರಿ ಎರಡರಿಂದ ಬೆಳಿಗ್ಗೆ ಒಂಬತ್ತರವರೆಗೆ ನಿಲ್ಲಿಸಿದರೆ ಏಳು ಗಂಟೆ ಹೋಯಿತು. ಆ ಏಳು ಗಂಟೆಯ ದಂಡ ಡ್ರೈವರಿನ ಭತ್ಯೆಗೆ ಬಿದ್ದರೆ ಅವನು ನಿಲ್ಲಿಸುವುದಿಲ್ಲ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ ಕೆಲಸ ಎನ್ನುತ್ತಿತ್ತು; 2025ರ ನವೆಂಬರಿನಲ್ಲಿ ಅದರ ಜಾಗಕ್ಕೆ ಬಂದ ಕಾರ್ಮಿಕ ಸಂಹಿತೆಯಲ್ಲೂ ಮಿತಿ ಅಷ್ಟೇ. ಬುಕಿಂಗ್ ಆಫೀಸಿನ ಗಡಿಯಾರಕ್ಕೆ ಅದು ಕಾಣುತ್ತಿಲ್ಲ. ಡಿಸೆಂಬರ್ 15ರಿಂದ ಫೆಬ್ರುವರಿ 15ರವರೆಗೆ ಉತ್ತರದ ಪ್ರತಿ ಟ್ರಿಪ್ಪಿಗೆ ಕನಿಷ್ಠ ಹನ್ನೆರಡು ಗಂಟೆ ಹೆಚ್ಚು ಕೊಟ್ಟು, ಅದನ್ನು ಎಲ್‌ಆರ್ (ಸರಕಿನ ರಸೀದಿ) ಮೇಲೇ ಬರೆಯುವ ಪದ್ಧತಿ ಬರಬೇಕು. ಸರಕು ಕಳಿಸುವ ಕಾರ್ಖಾನೆಗಳೂ ಇದಕ್ಕೆ ಒಪ್ಪಬೇಕು.

ಸರ್ಕಾರಕ್ಕೂ ಎರಡು ಕೆಲಸವಿದೆ. ಉತ್ತರ ಪ್ರದೇಶದ ಯಮುನಾ ಎಕ್ಸ್‌ಪ್ರೆಸ್‌ವೇಯಲ್ಲಿ ಚಳಿಗಾಲದ ಎರಡು ತಿಂಗಳು ಭಾರಿ ವಾಹನಗಳ ವೇಗಮಿತಿಯನ್ನು 80ರಿಂದ 60ಕ್ಕೆ ಇಳಿಸುವ ರೂಢಿ ಇದೆ. ಮೋಟಾರು ವಾಹನ ಕಾಯ್ದೆಯ 112ನೇ ಕಲಂ ಪ್ರಕಾರ ನಮ್ಮ ರಾಜ್ಯವೂ ಹೀಗೆ ಮಾಡಬಹುದು. ದೇವನಹಳ್ಳಿ-ಚಿಕ್ಕಬಳ್ಳಾಪುರ ನಡುವೆ ಮತ್ತು ನೆಲಮಂಗಲದ ಆಸುಪಾಸಿನಲ್ಲಿ ಬೆಳಗಿನ ಜಾವಕ್ಕೆ ಮಾತ್ರ ಇಂಥ ಮಿತಿ ಹಾಕಿ, ಫಲಕದಲ್ಲಿ ಕನ್ನಡದ ಜೊತೆ ತೆಲುಗು, ತಮಿಳು, ಹಿಂದಿಯಲ್ಲೂ ಬರೆಸಲಿ. ಈ ರಸ್ತೆಯಲ್ಲಿ ಹೊರರಾಜ್ಯದ ಲಾರಿಗಳೂ ಓಡುತ್ತವೆ. ಎರಡನೆಯದು, ನಗರ ಪ್ರವೇಶಕ್ಕೆ ಕಾಯುವ ಲಾರಿಗಳಿಗೆ ಟಾರಿನಿಂದ ದೂರ ಒಂದು ಬಯಲು, ನಾಲ್ಕು ದೀಪ, ಒಂದು ಶೌಚಾಲಯ. ಅದು ಆಗುವವರೆಗೆ ರಸ್ತೆ ಅಂಚಿನಲ್ಲಿ ನಿಂತ ಲಾರಿಗೆ ಗಸ್ತು ಪೊಲೀಸರು ದಂಡದ ಚೀಟಿ ಹರಿಯುವ ಮೊದಲು ಡ್ರೈವರನ್ನು ಎಬ್ಬಿಸಿ ಪಾರ್ಕಿಂಗ್ ಲೈಟ್ ಹಾಕಿಸಲಿ, ಇಳಿಬಿದ್ದ ಟಾರ್ಪಾಲು ಎತ್ತಿ ಕಟ್ಟಿಸಲಿ.

– ಲಾರಿ ಯಾರ್ಡಿನ ಮೇಲ್ವಿಚಾರಕರು ಮತ್ತು ಮೆಕ್ಯಾನಿಕ್‌ಗಳು, ಯಶವಂತಪುರ, ಬೆಂಗಳೂರು